ಫೋಲ್ಡರಿಗೊಂದು ಹೆಸರಿಡೋಕೆ ಇಷ್ಟು ಪಾಡಾ?

ಮೇಲ್ ಫೋಲ್ಡರಿಗೆ 'ವರದಿ 2.5' ಅಂತ ಹೆಸರಿಟ್ಟಿದ್ದೆ. ಬೇರೆ ಸರ್ವರಿಗೆ ಸಾಗಿಸಿ ನೋಡಿದರೆ 'ವರದಿ 2' ಅಂತೊಂದು ಫೋಲ್ಡರ್, ಅದರ ಹೊಟ್ಟೆಯೊಳಗೆ '5' ಅಂತ ಇನ್ನೊಂದು! ಕೆಲವು ಸರ್ವರುಗಳಿಗೆ ಚುಕ್ಕಿ, ಕೆಲವಕ್ಕೆ ಓರೆಗೆರೆ ಒಳಫೋಲ್ಡರಿನ ಗುರುತು. ಸರಿ, ಅದನ್ನು ಮೊದಲೇ ಹೇಳಬಾರದಾ?

ಕನ್ನಡ ಹೆಸರಿನ ಪಾಡು ಇನ್ನೂ ಜಾಸ್ತಿ. ಸರ್ವರಿನಲ್ಲಿರುವ ಮೇಲನ್ನು ನಮ್ಮ ತಂತ್ರಾಂಶ ತೆರೆದು ನೋಡೋ ಪದ್ಧತಿಗೆ ಐಮ್ಯಾಪ್ ಅಂತಾರೆ. ಐಮ್ಯಾಪ್‌ನ ಹಳೇ ನಿಯಮದಂತೆ ಅದನ್ನು 'ಮಾರ್ಪಡಿಸಿದ ಯುಟಿಎಫ್-7' ಅನ್ನೋ ಅಕ್ಷರ ಸಂಕೇತಕ್ಕೆ ಬದಲಿಸಬೇಕು, ಅಂದ್ರೆ & ಚಿಹ್ನೆಯಿಂದ ಶುರುವಾಗಿ ಅಡ್ಡಗೆರೆಯಲ್ಲಿ ಮುಗಿಯುವ, ಓದಿದರೆ ಏನೂ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಸಾಲು. ಸರ್ವರಿನೊಳಗೆ ಹೇಗಾದರೂ ಇರಲಿ, ನಾನು ಬಳಸುವ ಬ್ಯಾಕಪ್ ತಂತ್ರಾಂಶ ಅದನ್ನು ಬಿಡಿಸದೆ ಹಾಗೇ ತೋರಿಸುತ್ತದೆ. 'ಮನೆ' ಯಾವುದು, 'ಕೆಲಸ' ಯಾವುದು ಅಂತ ಒಂದೊಂದನ್ನೂ ತೆರೆದು ನೋಡಬೇಕು. 2021ರಲ್ಲಿ ಬಂದ ಐಮ್ಯಾಪ್ ಆವೃತ್ತಿಯಲ್ಲಿ ಕನ್ನಡವನ್ನೂ ಬರೆಯಬಲ್ಲ ಯುಟಿಎಫ್-8 ಸಂಕೇತವನ್ನು ನೇರವಾಗಿ ಬಳಸಬಹುದು. ಅದನ್ನು ಅಳವಡಿಸಿಕೊಳ್ಳೋಕೆ ಇನ್ನೆಷ್ಟು ವರ್ಷ ಬೇಕು ಈ ಸರ್ವರ್, ತಂತ್ರಾಂಶದವರಿಗೆ?