ಒತ್ತಡ ನಿವಾರಣಾ ಶಿಬಿರ: ಹಾಜರಾತಿ ಕಡ್ಡಾಯ

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ನಾನು ನಡುಮನೆಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಿದ್ದೆ. ದೀಪ ಹಾಕಿರಲಿಲ್ಲ; ಮನೆಯವರು ಎದ್ದು ಬಂದು ಏನು ಮಾಡುತ್ತಿದ್ದೀರಿ ಎಂದು ಕೇಳಿದರೆ ಹೇಳುವುದಕ್ಕೆ ನನ್ನಲ್ಲಿ ಮರ್ಯಾದೆಯ ಉತ್ತರವಿರಲಿಲ್ಲ. ಕೈಗಡಿಯಾರ 9,412 ಎಂದು ತೋರಿಸುತ್ತಿತ್ತು. ಹನ್ನೆರಡು ಹೊಡೆಯುವುದರೊಳಗೆ ಇನ್ನೂ 588 ಹೆಜ್ಜೆ ಹಾಕದಿದ್ದರೆ ನಲವತ್ತು ದಿನ ಒಂದೂ ತಪ್ಪದಂತೆ ಕಾಪಾಡಿಕೊಂಡು ಬಂದ ಲೆಕ್ಕ ಸೊನ್ನೆಗೆ ಇಳಿಯುತ್ತಿತ್ತು. ಕತ್ತಲಲ್ಲಿ ಟೀಪಾಯಿಯ ಮೂಲೆಗೆ ಮೊಣಕಾಲು ಬಡಿಯಿತು. ಕುಂಟುತ್ತಲೇ ಸುತ್ತಿದೆ. ಕುಂಟಿದ ಹೆಜ್ಜೆಯನ್ನೂ ಗಡಿಯಾರ ಲೆಕ್ಕಕ್ಕೆ ಹಿಡಿಯುತ್ತದೆ, ಆ ಮಟ್ಟಿಗೆ ಅದು ದಯಾಳು. ಎರಡು ನಿಮಿಷ ಬಾಕಿಯಿರುವಾಗ ಮಣಿಕಟ್ಟು ನಡುಗಿತು, ಪುಟ್ಟ ಪರದೆಯ ಮೇಲೆ ಬಣ್ಣದ ಕಾಗದದ ಚೂರುಗಳು ಉದುರಿದವು. ‘ಶಭಾಷ್! ಇಂದು ನೀವು ನಿಮಗಾಗಿ ಸಮಯ ಕೊಟ್ಟುಕೊಂಡಿರಿ.’

ಮೊಣಕಾಲಿಗೆ ಮುಲಾಮು ಹಚ್ಚಿಕೊಂಡು ಮಲಗಿದೆ. ಬೆಳಿಗ್ಗೆ ಅದೇ ಗಡಿಯಾರ ಬೇರೆಯೇ ದನಿ ತೆಗೆಯಿತು: ‘ನಿನ್ನೆ ತಡವಾಗಿ ಮಲಗಿದ್ದೀರಿ. ನಿದ್ರೆಗೆ ನೂರಕ್ಕೆ 54 ಅಂಕ. ಆರೋಗ್ಯದ ಕಡೆ ಗಮನವಿರಲಿ.’ ಪರೀಕ್ಷೆ ಬರೆಯುವ ಕಾಲ ಮುಗಿಯಿತು ಎಂದು ನೆಮ್ಮದಿಯಾಗಿದ್ದವನಿಗೆ, ಕಣ್ಣು ಮುಚ್ಚಿ ಬಿದ್ದುಕೊಳ್ಳುವ ವಿಷಯದಲ್ಲೂ ಸಾಧಾರಣ ದರ್ಜೆ!

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಈ ಗುರಿಯನ್ನು ಯಾವುದೋ ವೈದ್ಯರ ಮಂಡಳಿ ಕೂತು, ಹೃದಯ ಬಡಿತ ಎಣಿಸಿ ಗೊತ್ತುಮಾಡಿರಬೇಕು ಎಂದುಕೊಂಡಿದ್ದೆ. ಹಾಗೇನಿಲ್ಲ. 1964ರಲ್ಲಿ ಟೋಕಿಯೋ ಒಲಿಂಪಿಕ್ಸ್ ನಡೆದು ಜಪಾನಿನವರಿಗೆ ವ್ಯಾಯಾಮದ ಗುಂಗು ಹತ್ತಿದ್ದಾಗ, ಮರುವರ್ಷ ಅಲ್ಲಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಯಂತ್ರವೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ‘ಮಾನ್‌ಪೋ-ಕೇ’, ಅಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ಗುಂಡಗಿನ ಸಂಖ್ಯೆ, ಬಾಯಲ್ಲಿ ಸಲೀಸಾಗಿ ಹೊರಳುತ್ತದೆ, ಸರಕೂ ಹೋಗುತ್ತದೆ. 2019ರಲ್ಲಿ ಅಮೆರಿಕದ ವಯಸ್ಸಾದ ಮಹಿಳೆಯರ ಹೆಜ್ಜೆಗಳನ್ನು ಸಂಶೋಧಕರು ಎಣಿಸಿ ನೋಡಿದಾಗ, ದಿನಕ್ಕೆ 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಕಣ್ಣಿಗೆ ಕಾಣುವಷ್ಟು ಇಳಿದಿತ್ತು. 7,500ರ ಆಸುಪಾಸಿನಲ್ಲಿ ಆ ಇಳಿಕೆ ನಿಂತಿತ್ತು. ನಡೆಯುವುದು ಒಳ್ಳೆಯದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ನನ್ನ ಮೊಣಕಾಲು ಊದಿಕೊಂಡದ್ದು ನಾನು ಹುಟ್ಟುವ ಮೊದಲಿನ ಒಂದು ಜಾಹೀರಾತಿಗಾಗಿ ಎಂಬುದು ಸ್ವಲ್ಪ ಚುಚ್ಚುತ್ತದೆ.

ಹೊಸ ಅಭ್ಯಾಸ ಕಲಿಸುವ ಶಿಬಿರಗಳು ಸಾರುವ ‘21 ದಿನಗಳಲ್ಲಿ ಹೊಸ ನೀವು’ ಎಂಬ ಮಾತಿನ ಜಾತಕವೂ ಇಂಥದ್ದೇ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್, ಮುಖದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಕನ್ನಡಿಯಲ್ಲಿನ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠವೆಂದರೂ ಸುಮಾರು 21 ದಿನ ಬೇಕು ಎಂದು 1960ರಲ್ಲಿ ಬರೆದ. ಮಾತು ಬಾಯಿಂದ ಬಾಯಿಗೆ ದಾಟುವಾಗ ಮೊದಲು ‘ಕನಿಷ್ಠ’ ಉದುರಿತು, ಆಮೇಲೆ ‘ಸುಮಾರು’ ಉದುರಿತು, ಕೊನೆಗೆ ಮುಖವೂ ಉದುರಿಹೋಗಿ ಬರೀ 21 ಉಳಿಯಿತು. ಲಂಡನ್ನಿನ ಸಂಶೋಧಕರು 96 ಜನರನ್ನು ಗಮನಿಸಿದಾಗ, ಒಂದು ಅಭ್ಯಾಸ ಮೈಗೂಡಲು ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗುವಂತಿತ್ತು. ‘254 ದಿನಗಳಲ್ಲಿ, ಬಹುಶಃ, ಹೊಸ ನೀವು’ ಎಂದು ಬರೆದರೆ ಶಿಬಿರಕ್ಕೆ ಹೆಸರು ಕೊಡುವವರು ಯಾರು?

ಶಿಬಿರ ಎಂದಾಗ ನೆನಪಾಯಿತು. ನಮ್ಮ ಕಚೇರಿಯಲ್ಲಿ ಮೊನ್ನೆ ಒಂದು ನಡೆಯಿತು. ವಿಷಯ: ಕೆಲಸ ಮತ್ತು ಬದುಕಿನ ಸಮತೋಲನ. ಸಮಯ: ಸಂಜೆ ಆರೂವರೆ. ಸುತ್ತೋಲೆಯ ಕೊನೆಯ ಸಾಲು ದಪ್ಪ ಅಕ್ಷರದಲ್ಲಿತ್ತು: ‘ಹಾಜರಾತಿ ಕಡ್ಡಾಯ. ಗೈರಾದವರು ಲಿಖಿತ ವಿವರಣೆ ನೀಡತಕ್ಕದ್ದು.’

ಬಂದಿದ್ದ ತರಬೇತುದಾರರ ದನಿ ಎಷ್ಟು ಮೃದುವಾಗಿತ್ತೆಂದರೆ ಹಿಂದಿನ ಸಾಲಿನಲ್ಲಿ ಇಬ್ಬರು ಆಗಲೇ ತೂಗಡಿಸುತ್ತಿದ್ದರು. ಇಡೀ ಸಂಜೆಯಲ್ಲಿ ನಿಜವಾದ ವಿಶ್ರಾಂತಿ ಸಿಕ್ಕಿದ್ದು ಅವರಿಗೇ ಎಂದು ನನ್ನ ಅಂದಾಜು. ‘ಕಣ್ಣು ಮುಚ್ಚಿ. ಚಿಂತೆಗಳು ಮೋಡದಂತೆ ಬಂದು ಹೋಗಲಿ’ ಎಂದರು. ಮುಚ್ಚಿದೆವು. ನನ್ನ ಜೇಬಿನಲ್ಲಿ ಮೊಬೈಲ್ ಗುರುಗುಟ್ಟಿತು. ಮೋಡವಿರಬೇಕೆಂದು ಬಿಟ್ಟೆ. ಇನ್ನೊಮ್ಮೆ ಗುರುಗುಟ್ಟಿತು. ಒಂದೇ ಕಣ್ಣು ತೆರೆದು ನೋಡಿದರೆ, ಮೊದಲ ಸಾಲಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ನಮ್ಮ ಮೇಲಧಿಕಾರಿಗಳ ಹೆಬ್ಬೆರಳು ಮೇಜಿನ ಕೆಳಗೆ ಚಕಚಕನೆ ಓಡುತ್ತಿತ್ತು. ‘ವರದಿ ರಾತ್ರಿಯೊಳಗೆ ಬೇಕು’ ಎಂಬುದು ಮೊದಲ ಸಂದೇಶ. ಎರಡನೆಯದು, ಕೈಮುಗಿದ ಚಿತ್ರ.

ಪ್ರಶ್ನೋತ್ತರದಲ್ಲಿ ಒಬ್ಬ ಸಹೋದ್ಯೋಗಿ ಎದ್ದು ನಿಂತರು. ‘ಮೇಡಂ, ನಮ್ಮ ವಿಭಾಗದಲ್ಲಿ ಇಬ್ಬರು ಬಿಟ್ಟು ಹೋಗಿ ಆರು ತಿಂಗಳಾಯಿತು. ಅವರ ಕೆಲಸವೂ ನಮ್ಮ ಮೇಲೇ ಇದೆ. ಇದಕ್ಕೆ ಏನು ಮಾಡಬಹುದು?’ ತರಬೇತುದಾರರು ಮುಗುಳ್ನಕ್ಕರು. ‘ಈ ಪ್ರಶ್ನೆ ಕೇಳುವಾಗ ನಿಮ್ಮ ಭುಜ ಬಿಗಿಯಾದದ್ದನ್ನು ಗಮನಿಸಿದಿರಾ? ಮೂಗಿನಿಂದ ಉಸಿರೆಳೆದುಕೊಳ್ಳಿ, ನಾಲ್ಕು ಎಣಿಸಿ, ಬಿಡಿ.’ ಅವರು ಎಳೆದುಕೊಂಡರು, ಬಿಟ್ಟರು, ಕೂತರು. ಹುದ್ದೆಗಳು ಖಾಲಿಯೇ ಇದ್ದವು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ದುಡಿಮೆಯ ಬಳಲಿಕೆಯನ್ನು ವಿವರಿಸುವಾಗ ಅದನ್ನು ಕಾಯಿಲೆ ಎನ್ನಲಿಲ್ಲ; ಕೆಲಸದ ಸ್ಥಳದಲ್ಲಿ ಸರಿಯಾಗಿ ನಿಭಾಯಿಸದೆ ಬಿಟ್ಟ, ಬಹುಕಾಲದ ಒತ್ತಡದ ಫಲ ಎಂದಿತು. ಕೆಲಸದ ಸ್ಥಳಗಳು ಇದನ್ನು ಓದಿ, ತುಂಬ ಯೋಚಿಸಿ, ನೌಕರನ ಮೂಗನ್ನು ರಿಪೇರಿಗೆ ಎತ್ತಿಕೊಂಡಿವೆ.

ಹೊರಡುವಾಗ ಪ್ರತಿಯೊಬ್ಬರಿಗೂ ಒಂದೊಂದು ಚೀಟಿ ಕೊಟ್ಟರು, ಕನ್ನಡಿಗೆ ಅಂಟಿಸಿಕೊಳ್ಳಲು. ‘ನಾನು ಸಾಕಷ್ಟು ಒಳ್ಳೆಯವನು.’ ತಮ್ಮ ಬಗ್ಗೆಯೇ ನಂಬಿಕೆ ಕಡಿಮೆಯಿರುವವರು ಇಂಥ ಹೊಗಳಿಕೆಯನ್ನು ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿದ್ದನ್ನು ಕೆನಡಾದ ಮನಶ್ಶಾಸ್ತ್ರಜ್ಞರು 2009ರಲ್ಲೇ ದಾಖಲಿಸಿದ್ದಾರೆ. ಚೀಟಿಯನ್ನು ನಾನು ವರದಿಯಲ್ಲಿ ಪುಟದ ಗುರುತಿಗೆ ಇಟ್ಟುಕೊಂಡೆ. ಅಂದಹಾಗೆ, ಆ ರಾತ್ರಿ ನನಗೆ 588 ಹೆಜ್ಜೆ ಕಡಿಮೆ ಬಿದ್ದದ್ದು ಈ ಶಿಬಿರದ ಕುರ್ಚಿಯಲ್ಲಿ ಎರಡು ಗಂಟೆ ಕೂತದ್ದರಿಂದಲೇ.

ಮರುದಿನ ಅಭಿಪ್ರಾಯದ ನಮೂನೆ ಬಂತು. ‘ನಿಮ್ಮ ಒತ್ತಡ ಕಡಿಮೆಯಾಗಲು ಇನ್ನೇನು ಬೇಕು?’ ಎಂಬ ಸಾಲಿನ ಮುಂದೆ, ಉಸಿರು ನಾಲ್ಕು ಎಣಿಸಿ ಬಿಟ್ಟು, ‘ಇನ್ನಿಬ್ಬರು’ ಎಂದು ಬರೆದೆ. ವಾರದೊಳಗೆ ಸುತ್ತೋಲೆ ಹೊರಟಿತು: ನೌಕರರ ಬೇಡಿಕೆಯ ಮೇರೆಗೆ ಮುಂದಿನ ತಿಂಗಳು ಇನ್ನಿಬ್ಬರು ತರಬೇತುದಾರರು ಬರಲಿದ್ದಾರೆ. ಹಾಜರಾತಿ ಕಡ್ಡಾಯ.