ಎಡ–ಬಲದ ಮಾತು ಬಿಟ್ಟುಹೋಗಿದೆ
ಮಿದುಳಿನ ಸ್ಕ್ಯಾನ್‌ಗಳ ಕುರಿತ ಲೇಖನವೊಂದನ್ನು ಓದಿದೆ. ಅವನ್ನು ನೋಡಲು ಬ್ರೌಸರ್ ಸಾಕು ಎಂಬ ಲೇಖಕರ ಮಾತು ನಿಜ. ಆದರೆ ಚಿತ್ರಗಳೆಲ್ಲ ಯಾರದೋ ಸರ್ವರ್‌ಗೆ ಹೋಗುತ್ತವೆ ಎಂಬ ಅವರ ಆತಂಕ ಎಲ್ಲ ತಂತ್ರಾಂಶಗಳಿಗೂ ಸಲ್ಲದು. ಬ್ರೌಸರ್‌ನಲ್ಲೇ ಸ್ಕ್ಯಾನ್ ತೋರಿಸುವ ನೀವ್ಯೂ ಎಂಬ ತಂತ್ರಾಂಶದ ಪುಟದ ಮೇಲೆ ಕಡತವನ್ನು ಎಳೆದು ಬಿಟ್ಟರೆ, ಬ್ರೌಸರ್‌ಗೆ ಗ್ರಾಫಿಕ್ಸ್ ಚಿಪ್ ಬಳಸಲು ನೆರವಾಗುವ ವೆಬ್‌ಜಿಎಲ್ ಮೂಲಕ ನಮ್ಮದೇ ಗ್ರಾಫಿಕ್ಸ್ ಚಿಪ್ ಚಿತ್ರ ಬಿಡಿಸುತ್ತದೆ. ಬ್ರೈನ್‌ಚಾಪ್ ಎಂಬ ಇನ್ನೊಂದು ತಂತ್ರಾಂಶ ಚಿತ್ರದಲ್ಲಿ ಮಿದುಳಿನ ಅಂಗಾಂಶಗಳನ್ನು ಬೇರೆಬೇರೆಯಾಗಿ ಗುರುತಿಸುವ ಲೆಕ್ಕವನ್ನೂ ಬ್ರೌಸರ್‌ನೊಳಗೇ ಮುಗಿಸುತ್ತದೆ. ಹಳೆಯ ಲ್ಯಾಪ್‌ಟಾಪ್ ಆದರೆ ಫ್ಯಾನ್ ಗಿರಣಿಯಂತೆ ಕೂಗುತ್ತದೆ, ಅಷ್ಟೇ.

ನಾನು ಎಡವಿದ್ದು ಬೇರೆ ಕಡೆ. ಅಮ್ಮನ ಎಂಆರ್‌ಐ ನೋಡುವಾಗ ಒಂದು ಸಣ್ಣ ಬಿಳಿ ಚುಕ್ಕೆ ಪರದೆಯಲ್ಲಿ ಎಡಕ್ಕಿತ್ತು, ಫಿಲ್ಮ್‌ನಲ್ಲಿ ಬಲಕ್ಕೆ. ಅರ್ಧ ಗಂಟೆ ಗಾಬರಿ! ವಿಕಿರಣ ತಜ್ಞರ ರೂಢಿಯಲ್ಲಿ ರೋಗಿಯ ಎಡಭಾಗ ಚಿತ್ರದ ಬಲಕ್ಕೆ ಬರುತ್ತದೆ. ನೀವ್ಯೂನಲ್ಲಿ ಹಾಗೆ ಕಾಣಬೇಕಾದರೆ ಆ ರೂಢಿಯ ಆಯ್ಕೆಯನ್ನು ನಾವೇ ಒತ್ತಬೇಕು. ಲೇಖನದ ಚಿತ್ರಗಳಿಗೂ ಎಡ–ಬಲದ ಗುರುತು ಹಾಕಿದ್ದರೆ ಚೆನ್ನಾಗಿತ್ತು.