39 ಅಡಿ ನೀರಲ್ಲಿ

103 ಅಡಿ ಉದ್ದದ ಸಬ್‌ಮರೀನ್, ಮುಳುಗಿದ್ದು 39 ಅಡಿ ನೀರಲ್ಲಿ. ನೆಟ್ಟಗೆ ನಿಲ್ಲಿಸಿದ್ದರೆ ಅರ್ಧಕ್ಕಿಂತ ಜಾಸ್ತಿ ಮೇಲೇ ಕಾಣ್ತಿತ್ತು. ಆದರೂ ಒಳಗಿದ್ದ 11 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಬ್ರಿಟನ್ನಿನ ಎ1 ಕತೆ ಇದು. ಅದಕ್ಕೂ ಮುಂಚಿನ ಹಾಲೆಂಡ್ ಸಬ್‌ಮರೀನ್‌ಗಳು ಅಮೆರಿಕದ ವಿನ್ಯಾಸ. ಎ1 ಬ್ರಿಟಿಷರದೇ ಮೊದಲ ಕೂಸು. 1902ರಲ್ಲಿ ಬ್ಯಾರೋದ ವಿಕರ್ಸ್ ಕಾರ್ಖಾನೆಯಿಂದ ನೀರಿಗಿಳಿಯಿತು. ನೀರಿನಡಿ ಬ್ಯಾಟರಿ, ಮೇಲೆ ಬಂದಾಗ ಪೆಟ್ರೋಲ್ ಎಂಜಿನ್. ಮುಚ್ಚಿದ ಕಬ್ಬಿಣದ ಕೊಳವೆಯೊಳಗೆ ಪೆಟ್ರೋಲ್, ಯೋಚಿಸಿ! ವಿಷಗಾಳಿಯ ಸುಳಿವು ಸಿಗಲಿ ಅಂತ ಆಗಿನ ಸಬ್‌ಮರೀನ್‌ಗಳಲ್ಲಿ ಬಿಳಿ ಇಲಿ ಸಾಕ್ತಿದ್ರು.

1904ರ ಮಾರ್ಚ್ 18. ಪೋರ್ಟ್ಸ್‌ಮತ್ ಹೊರಗಿನ ಕಡಲಲ್ಲಿ ಸಮರಾಭ್ಯಾಸ. ಎ1 ಸದ್ದಿಲ್ಲದೆ ಹೋಗಿ 'ಜೂನೋ' ಯುದ್ಧನೌಕೆ ಮೇಲೆ ದಾಳಿಯ ನಾಟಕ ಆಡಬೇಕಿತ್ತು. ನೀರಿನಡಿಯಿಂದ ಮೇಲೆ ನೋಡೋ ಕೊಳವೆ, ಪೆರಿಸ್ಕೋಪ್, ಜೂನೋ ಕಡೆಗೇ ತಿರುಗಿದ್ದಿರಬೇಕು. ಬಲಗಡೆಯಿಂದ ಬಂದದ್ದು ಸೌತಾಂಪ್ಟನ್‌ನಿಂದ ಹ್ಯಾಂಬರ್ಗ್‌ಗೆ ಹೊರಟಿದ್ದ 'ಬೆರಿಕ್ ಕಾಸಲ್' ಅನ್ನೋ ದೊಡ್ಡ ಹಡಗು. ಸಬ್‌ಮರೀನಿನ ಬೆನ್ನ ಮೇಲೆ ಎದ್ದು ನಿಂತಿರೋ ಗೋಪುರಕ್ಕೇ ಗುದ್ದಿತು. ಹಡಗಿನವರು ಅಭ್ಯಾಸದ ಟಾರ್ಪಿಡೊ ಏನೋ ತಗುಲಿರಬೇಕು ಅಂದ್ಕೊಂಡು ತಮ್ಮ ದಾರಿ ಹಿಡಿದರು. ಕೆಳಗೆ ಮನುಷ್ಯರಿದ್ದಾರೆ ಅನ್ನೋ ಅನುಮಾನವೂ ಬರಲಿಲ್ಲ.

ಕಮಾಂಡರ್ ಸುತ್ತ ನೋಡಬೇಕಿತ್ತು ಅನ್ನೋದು ಸುಲಭ. ನಾನಂತೂ ಒಪ್ಪಲ್ಲ. ಒಂಟಿ ಕಣ್ಣು ಕೊಟ್ಟು, ಹಡಗುಗಳು ದಿನವಿಡೀ ಓಡಾಡೋ ಹೆದ್ದಾರಿಯಲ್ಲಿ ಕಣ್ಣಾಮುಚ್ಚಾಲೆ ಆಡಿಸಿದ್ದು ಯಾರು? ಗೋಪುರಕ್ಕೆ ಏಟು ಬಿದ್ರೆ ನೀರು ಸೀದಾ ಹೊಟ್ಟೆಗೆ ಇಳಿಯುತ್ತೆ ಅಂತ ನಕ್ಷೆ ಬರೆದವರಿಗೆ ಹೊಳೆಯಬೇಕಿತ್ತಲ್ಲ? ಗೋಪುರದ ಬುಡಕ್ಕೂ ನೀರು ನುಗ್ಗದಂಥ ಮುಚ್ಚಳ ಇರಲೇಬೇಕು ಅಂತ ಆದದ್ದು ಈ 11 ಜನ ಹೋದ ಮೇಲೆ.

ವಿಶಾಖಪಟ್ಟಣದ ಬೀಚಲ್ಲಿ ಮ್ಯೂಸಿಯಂ ಆಗಿ ನಿಂತಿರೋ 'ಕುರ್ಸುರಾ' ಸಬ್‌ಮರೀನ್ ಒಳಗೆ ಹೋಗಿದ್ದೆ. ಕೋಣೆಯಿಂದ ಕೋಣೆಗೆ ದಾಟೋಕೆ ದುಂಡನೆ ಕಿಂಡಿ, ಪಕ್ಕದಲ್ಲೇ ದಪ್ಪ ಕದ. ಮೊದಲು ಕಾಲು ಹಾಕೋದಾ, ತಲೆ ಹಾಕೋದಾ ಗೊತ್ತಾಗದೆ ಹಣೆ ಬಡಿಸಿಕೊಂಡು ಬೈದಿದ್ದೆ. ಎ1 ಬಗ್ಗೆ ಓದಿದ್ದು ಆಮೇಲೆ.

ಮುಳುಗಿದ ಮುಂದಿನ ತಿಂಗಳೇ ಎ1 ಮೇಲೆತ್ತಿದರು, ರಿಪೇರಿ ಮಾಡಿ ಮತ್ತೆ ಕೆಲಸಕ್ಕೆ ಹಚ್ಚಿದರು. ಕೊನೆಗೆ 1911ರಲ್ಲಿ, ಜನರಿಲ್ಲದೆ ಗುರಿಯಾಗಿ ಓಡಿಸುವಾಗ ಮತ್ತೊಮ್ಮೆ ಮುಳುಗಿತು. ಎತ್ತೋಕೆ ಹೋದವರಿಗೆ ಆ ಜಾಗದಲ್ಲಿ ಸಿಗಲಿಲ್ಲ. 1989ರಲ್ಲಿ ಬ್ರ್ಯಾಕಲ್‌ಶಮ್ ಕೊಲ್ಲಿಯಲ್ಲಿ ಅದನ್ನು ಪತ್ತೆ ಮಾಡಿದ್ದು ಒಬ್ಬ ಮೀನುಗಾರ.